ಸದ್ದಿಲ್ಲದಿದ್ದರೆ ಆಟ

ನಮ್ಮ ಬೀದಿಯಲ್ಲಿ ಯಾರ ಮನೆಗೆ ಬೆಕ್ಕಿನ ಮರಿ ಬಂದರೂ ಮೊದಲು ಕರೆ ಹೋಗುತ್ತಿದ್ದುದು ಅಂಜುಗಂಗೆ. ತಮಿಳು ಸೀಮೆಯ ಆರಣಿಯ ನೇಕಾರರ ಬೀದಿಯಲ್ಲಿ ಬೆಕ್ಕಿಲ್ಲದ ಮನೆ ಇಲ್ಲ. ಮಗ್ಗದ ಉದ್ದಕ್ಕೂ ಎಳೆದು ಕಟ್ಟುವ ಹಾಸಿನ ನೂಲಿಗೆ ಅಕ್ಕಿಗಂಜಿ ಹಚ್ಚುತ್ತೇವೆ, ಆ ವಾಸನೆಗೆ ಇಲಿ ಬರುತ್ತದೆ, ಇಲಿ ಒಮ್ಮೆ ಬಾಯಿ ಹಾಕಿತೆಂದರೆ ತಿಂಗಳ ದುಡಿಮೆ ಮಣ್ಣುಪಾಲು. ಹಾಗಾಗಿ ಹಳೆಯ ಬೆಕ್ಕಿನ ಹಲ್ಲು ಉದುರುವ ಮೊದಲೇ ಮರಿಯೊಂದನ್ನು ತರಬೇಕು, ತಂದದ್ದನ್ನು ಹಳೆಯದು ಒಪ್ಪಬೇಕು. ಒಪ್ಪಿತೋ ಇಲ್ಲವೋ ಎಂದು ತೀರ್ಪು ಕೊಡುವವಳು ಅಂಜುಗಂ.

ಕುಳ್ಳಗಿನ ಹೆಂಗಸು. ಕನ್ನಡಕದ ಒಂದು ಕಡ್ಡಿ ಮುರಿದು ಅದರ ಜಾಗದಲ್ಲಿ ರೇಷ್ಮೆ ದಾರ ಕಟ್ಟಿಕೊಂಡಿದ್ದಳು. ಬಾಯಲ್ಲಿ ಎಲೆಅಡಿಕೆ, ನಾಲಿಗೆಯ ತುದಿಯಲ್ಲಿ ಬೈಗುಳ. ನಾನು ದೊಡ್ಡಬಳ್ಳಾಪುರದಿಂದ ಈ ಬೀದಿಗೆ ಸೊಸೆಯಾಗಿ ಬಂದ ದಿನ, ಎದುರು ಮನೆಯ ಜಗಲಿಯಿಂದ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಬೆಂಗ್ಳೂರವ್ಳಾ? ಗಂಜಿ ಕಾಯ್ಸಕ್ಕೆ ಬರತ್ತೋ, ಬರೀ ಕುಡಿಯಕ್ಕೆ ಬರತ್ತೋ?" ಎಂದಿದ್ದಳು. ದೊಡ್ಡಬಳ್ಳಾಪುರಕ್ಕೂ ಬೆಂಗಳೂರಿಗೂ ವ್ಯತ್ಯಾಸವಿದೆ ಎಂದು ಮೂವತ್ತು ವರ್ಷ ಹೇಳಿದರೂ ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಯವರೆಗೂ ನಾನು ಅವಳಿಗೆ 'ಬೆಂಗ್ಳೂರೇ'.

ಅವಳ ಗಂಡ ಸಬಾಪತಿ ಇದ್ದಷ್ಟು ದಿನ ಅವನು ನೆಲದಲ್ಲಿ ತೋಡಿದ ಮಗ್ಗದ ಗುಂಡಿಯಲ್ಲಿ ಕೂರುತ್ತಿದ್ದ, ಇವಳು ಪಕ್ಕದ ಮಣೆಯಲ್ಲಿ. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ ಇರುವ ಸೀರೆಗೆ ಎರಡು ಜೊತೆ ಕೈ ಬೇಕು. ಗುಂಡಿಯಲ್ಲಿರುವವರು ಒಡಲಿನ ಲಾಳಿ ಎಸೆದರೆ ಮಣೆಯಲ್ಲಿರುವವರು ಅಂಚಿನ ಲಾಳಿ ಎಸೆಯಬೇಕು. ಸಬಾಪತಿ ಎದೆನೋವಿನಲ್ಲಿ ಹೋದ. ಹದಿನೇಳನೆಯ ದಿನ ಅಂಜುಗಂ ಅವನ ಗುಂಡಿಗೆ ಇಳಿದಳು, ಹನ್ನೆರಡು ವರ್ಷದ ಮಗಳು ತಿಲಗಳನ್ನು ಮಣೆಯ ಮೇಲೆ ಕೂರಿಸಿದಳು. ಬೀದಿ ಆಡಿಕೊಂಡಿತು. ಅವಳು ಬೀದಿಗೆ ಏನು ಹೇಳಿದಳೆಂದು ಇಲ್ಲಿ ಬರೆಯಲಾರೆ.

ಗುಂಡಿ ಮಗ್ಗದಲ್ಲಿ ಕೂತವರ ಕಣ್ಣು ನೆಲಕ್ಕೆ ಹತ್ತಿರ ಇರುತ್ತದೆ. ಬೆಕ್ಕುಗಳನ್ನು ಅವುಗಳ ಎತ್ತರದಿಂದಲೇ ನೋಡಿ ನೋಡಿ ಅವಳಿಗೆ ಅವುಗಳ ವಿದ್ಯೆ ಬಂದಿತ್ತು. ಮರಿ ಬಂದ ಮನೆಗೆ ಹೋಗಿ, ಸೆರಗು ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತು, ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಮನೆಯವರು "ಅಯ್ಯೋ, ಕೊಂದೇಬಿಡತ್ತೆ, ಬಿಡಿಸ್ರೀ!" ಎಂದು ಕೂಗಿದರೆ, "ಕೈ ಹಾಕಿದ್ರೆ ನಿನ್ನ ಕೈ ಮುರೀತೀನಿ. ಸುಮ್ನಿರು" ಎಂದು ಗದರುತ್ತಿದ್ದಳು. ಅವಳು ನೋಡುತ್ತಿದ್ದ ಗುರುತುಗಳು ನನಗೂ ಬಾಯಿಪಾಠವಾಗಿವೆ. ಕಿವಿ ಮುಂದಕ್ಕಿದೆಯೋ, ತಲೆಗೆ ಅಂಟಿ ಹಿಂದಕ್ಕೆ ಹೋಗಿದೆಯೋ? ಬಾಲದ ಕೂದಲು ಸೀಸೆ ತೊಳೆಯುವ ಬ್ರಷ್ಷಿನ ಹಾಗೆ ನಿಂತಿದೆಯೋ? ಉಗುರು ಒಳಗಿದೆಯೋ? ಈಗ ಕೆಳಗೆ ಬಿದ್ದದ್ದು ಇನ್ನೊಂದು ಗಳಿಗೆಗೆ ಮೇಲೆ ಬಂತೋ? ಓಡಿಹೋದದ್ದು ತಿರುಗಿ ತಾನೇ ಬಂತೋ?

ಇವೆಲ್ಲಕ್ಕಿಂತ ಅವಳು ಹೆಚ್ಚು ನಂಬುತ್ತಿದ್ದುದು ಕಿವಿಯನ್ನು. ನಮ್ಮ ಕಸುಬೇ ಹಾಗೆ. ಮಗ್ಗದಲ್ಲಿ ಸಾವಿರಾರು ಎಳೆ, ಎಲ್ಲವನ್ನೂ ಯಾರು ಕಣ್ಣಿಟ್ಟು ನೋಡುತ್ತಾರೆ? ಒಂದು ಎಳೆ ತುಂಡಾದರೆ ಬಡಿತದ ಸದ್ದು ಬದಲಾಗುತ್ತದೆ, ಕೈ ತಾನಾಗಿ ನಿಲ್ಲುತ್ತದೆ. ಸದ್ದು ಬದಲಾಗದಿದ್ದರೆ ಎಲ್ಲ ಸರಿಯಾಗಿದೆ ಎಂದೇ ಅರ್ಥ. ಬೆಕ್ಕುಗಳಿಗೂ ಅವಳು ಅದೇ ಲೆಕ್ಕ ಹಾಕಿದ್ದಳು. "ಗಂಟ್ಲಿಂದ ಸದ್ದು ಬಂದ್ರೆ ಜಗಳ. ಸದ್ದಿಲ್ದಿದ್ರೆ ಆಟ. ಇಷ್ಟೇ ಕಣ್ರೇ, ಇದಕ್ಕೆ ಕಾಲೇಜಿಗೆ ಹೋಗ್ಬೇಕಾ?" ಎನ್ನುತ್ತಿದ್ದಳು. ನಾವೂ ತಲೆಯಾಡಿಸಿದೆವು. ನಾವೂ ನೇಕಾರರೇ ತಾನೆ.

ತಿಲಗಳ ಮದುವೆ ತೈ ತಿಂಗಳಲ್ಲಿ, ಸಂಕ್ರಾಂತಿ ಕಳೆದ ಎರಡನೆಯ ವಾರ ಆಯಿತು. ಗಂಡಿನ ಮನೆ ಚೆಯ್ಯಾರಿನ ಆಚೆ. ಅತ್ತೆ, ಮಾವ, ಗಂಡ, ಇಬ್ಬರು ಮೈದುನರು, ತುಂಬಿದ ಮನೆ. ಮಾತು ಮಾತಿಗೂ ನಗುವ ಜನ. ನಿಶ್ಚಿತಾರ್ಥದ ದಿನವೇ ಅಂಜುಗಂ ನನ್ನ ಕಿವಿಯಲ್ಲಿ, "ನೋಡೇ ಬೆಂಗ್ಳೂರೇ, ಎಷ್ಟು ತಮಾಷೆ ಜನ! ನಮ್ಮ ಮನೇಲಿ ಅವರಪ್ಪ ಹೋದ್ಮೇಲೆ ನಗೂನೇ ಇರ್ಲಿಲ್ಲ. ನನ್ನ ಮಗು ನಕ್ಕೊಂಡಿರತ್ತೆ" ಎಂದು ಕಣ್ಣೊರೆಸಿಕೊಂಡಿದ್ದಳು.

ಮಗಳು ಹೋದ ಮೇಲೆ ಮಣೆ ಖಾಲಿಯಾಯಿತು. ಅಂಜುಗಂ ಒಬ್ಬಳೇ ನೇಯಬಹುದಾದ ಸಾದಾ ಅಂಚಿನ ಸೀರೆಗೆ ಇಳಿದಳು. ಅವಳ ಹಳೆಯ ಬೆಕ್ಕು ಪೊನ್ನಿಗೂ ಹನ್ನೊಂದು ತುಂಬಿತ್ತು. ಮೂಲೆಯಲ್ಲಿ ಇಲಿ ಸರಿದಾಡಿದರೆ ಕತ್ತೆತ್ತಿ ನೋಡಿ ಮತ್ತೆ ಮಲಗುತ್ತಿತ್ತು. ಅದಕ್ಕೇ ಪಂಗುನಿಯಲ್ಲಿ, ಯುಗಾದಿಯ ಹೊತ್ತಿಗೆ, ಅಂಜುಗಂ ಬಣ್ಣದ ಅಂಗಡಿಯವರ ಮನೆಯಿಂದ ಎರಡು ತಿಂಗಳ ಗಂಡು ಮರಿಯೊಂದನ್ನು ತಂದಳು. ಹೆಸರು ಚಿಟ್ಟು.

ಮರಿಯನ್ನು ಪರಿಚಯ ಮಾಡಿಸುವುದರಲ್ಲಿ ಅವಳು ಒಂದು ತಪ್ಪನ್ನೂ ಮಾಡಲಿಲ್ಲ. ಮೂರು ದಿನ ಚಿಟ್ಟುವನ್ನು ಕುಕ್ಕೆಯ ಅಡಿಯಲ್ಲಿಟ್ಟಳು. ಅದರ ಮೈ ಒರೆಸಿದ ಬಟ್ಟೆಯನ್ನು ಪೊನ್ನಿ ಮಲಗುವಲ್ಲಿ ಹಾಸಿದಳು, ಪೊನ್ನಿಯದನ್ನು ಕುಕ್ಕೆಯೊಳಗೆ. "ಮೊದ್ಲು ವಾಸನೆ, ಆಮೇಲೆ ಮುಖ" ಎನ್ನುವುದು ಅವಳ ಮಂತ್ರ. ನಾಲ್ಕನೆಯ ದಿನ ಕುಕ್ಕೆ ಎತ್ತಿದಾಗ ನಾನೂ ಅಲ್ಲಿದ್ದೆ. ಪೊನ್ನಿ ಬುಸ್ಸೆಂದಿತು, ಉಗುರು ಒಳಗಿಟ್ಟುಕೊಂಡೇ ಎರಡು ಏಟು ಕೊಟ್ಟಿತು, ದೂರ ಹೋಗಿ ಕೂತಿತು. ವಾರ ಕಳೆಯುವುದರಲ್ಲಿ ಎರಡೂ ನೆಲದ ಮೇಲೆ ಹೊರಳಾಡುತ್ತಿದ್ದವು. ಒಮ್ಮೆ ಇದು ಮೇಲೆ, ಒಮ್ಮೆ ಅದು ಮೇಲೆ. ನಿಜವಾದ ಆಟವೇ ಆಗಿತ್ತು ಅದು, ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಅಂಜುಗಂ ತೀರ್ಪು ಕೊಟ್ಟು ಮಗ್ಗಕ್ಕೆ ಇಳಿದಳು. ಒಮ್ಮೆ ತೀರ್ಪು ಕೊಟ್ಟ ಮೇಲೆ ಮತ್ತೆ ಹೋಗಿ ನೋಡುವ ಅಭ್ಯಾಸ ಅವಳಿಗಿರಲಿಲ್ಲ. ನಮ್ಮಲ್ಲಿ ಯಾರಿಗಿದೆ?

ಆಡಿ ಬಂತು. ಕನ್ನಡದವರ ಆಷಾಢದ ಹಾಗೆಯೇ ಇಲ್ಲಿಯೂ ಮದುವೆಯಾದ ಮೊದಲ ವರ್ಷ ಹುಡುಗಿಯನ್ನು ಒಂದು ತಿಂಗಳು ತವರಿಗೆ ಕರೆತರುತ್ತಾರೆ. ಮೊದಲ ವರ್ಷ ಮಾತ್ರ. ತಿಲಗ ಬಂದಳು. ಬಂದವಳೇ ಸೀರೆ ಬದಲಾಯಿಸಿ ಮಣೆಯ ಮೇಲೆ ಕೂತಳು. ಅಂಜುಗಂ ಮೊದಲೇ ಎರಡು ಬಣ್ಣದ ಹಾಸು ಏರಿಸಿ ಕಾದಿದ್ದಳು. ಮುಂದಿನ ತಿಂಗಳು ಆವಣಿಯಲ್ಲಿ ಮದುವೆಗಳು ಶುರುವಾಗುತ್ತವೆ, ಅಷ್ಟರೊಳಗೆ ಸೀರೆ ಮುಗಿಯಬೇಕು. ಎದುರು ಮನೆಯಿಂದ ಎರಡು ಲಾಳಿಗಳ ಸದ್ದು ಮತ್ತೆ ಕೇಳಿ ನನಗೂ ಖುಷಿಯಾಯಿತು. ಆದರೆ ಹುಡುಗಿ ಸೊರಗಿದ್ದಳು. ನಾನು ಕೇಳಿದ್ದಕ್ಕೆ, "ಅಲ್ಲಿ ನೀರು ಒಗ್ಗಿಲ್ಲ ಚಿಕ್ಕಮ್ಮ" ಎಂದಳು.

ಒಂದು ಮಧ್ಯಾಹ್ನ ನಾನು ಅವರ ಮನೆಯಲ್ಲಿ ಜರಿ ಸುತ್ತುತ್ತ ಕೂತಿದ್ದೆ. ತಿಲಗ ಲಾಳಿ ಹಿಡಿದುಕೊಂಡು ನಿಲ್ಲಿಸಿಬಿಟ್ಟಳು.

"ಅಮ್ಮಾ, ಪೊನ್ನಿ ನಿನ್ನೆಯಿಂದ ತಟ್ಟೆ ಹತ್ರ ಹೋಗಿಲ್ಲ."

"ವಯಸ್ಸಾಯ್ತಲ್ಲೇ. ನನಗೇ ರಾತ್ರಿ ಊಟ ಸೇರಲ್ಲ. ಎಸಿ, ಎಸಿ ಲಾಳಿ."

"ಹಸಿವಿದೆ ಅಮ್ಮ ಅದಕ್ಕೆ. ಚಿಟ್ಟು ಅಡುಗೆಮನೆ ಹೊಸ್ತಿಲ ಮೇಲೆ ಅಡ್ಡ ಮಲಗಿರತ್ತೆ. ಪೊನ್ನಿ ಬರತ್ತೆ, ನಿಲ್ಲತ್ತೆ, ವಾಪಸ್ ಹೋಗತ್ತೆ. ನಿನಗೆ ಗುಂಡಿಯಿಂದ ಕಾಣಲ್ಲ, ಇಲ್ಲಿಗೆ ಕಾಣತ್ತೆ."

"ಕಚ್ತಾ?"

"ಇಲ್ಲ."

"ಪರಚ್ತಾ? ಗುರ್ ಅಂತಾ?"

"ಏನೂ ಇಲ್ಲ. ಸುಮ್ನೆ ನೋಡತ್ತೆ. ಪೊನ್ನಿ ಹಿಂದಕ್ಕೆ ತಿರುಗಿದ್ರೆ ಹಾರಿ ಮೇಲೆ ಬೀಳತ್ತೆ. ಮತ್ತೆ ಹೋಗಿ ಹೊಸ್ತಿಲಲ್ಲಿ ಮಲಗತ್ತೆ."

ಅಂಜುಗಂ ಜೋರಾಗಿ ನಕ್ಕಳು. "ಕೇಳಿದ್ಯೇನೇ ಬೆಂಗ್ಳೂರೇ? ನೋಡಿದ್ರೂ ಜಗಳ ಅಂತೆ! ಹಾಗಾದ್ರೆ ನಮ್ಮ ಬೀದೀಲಿ ದಿನಾ ಕೊಲೆ ಆಗ್ಬೇಕು. ಲೇ, ಬೀದಿ ಬೆಕ್ಕಿಗೆಲ್ಲ ನ್ಯಾಯ ಹೇಳೋಳು ನಾನು. ನನಗೆ ಪಾಠ ಹೇಳ್ಬೇಡ. ಮರಿ ಅದು, ಆಡತ್ತೆ."

"ಅದಕ್ಕೆ ಆಟ ಅಮ್ಮ. ಇದಕ್ಕೆ ಅಲ್ಲ" ಎಂದಳು ತಿಲಗ.

ಆ ಮಾತು ನನ್ನ ಕಿವಿಗೆ ಬಿತ್ತು. ಬಿದ್ದದ್ದು ಒಳಗೆ ಇಳಿಯಲಿಲ್ಲ. ಜರಿಯ ಎಳೆ ಗಂಟಾಗಿತ್ತು, ನಾನು ಅದನ್ನು ಬಿಡಿಸುತ್ತಿದ್ದೆ.

ಇನ್ನೊಂದು ದಿನ ಅವಳೇ ಗಂಡನ ಮನೆಯ ಸುದ್ದಿ ಎತ್ತಿದಳು. ನಗುನಗುತ್ತಲೇ ಹೇಳಿದಳು, ಅದನ್ನು ನಾನು ಮರೆಯುವಂತಿಲ್ಲ. ಅವರೆಲ್ಲ ಊಟ ಮುಗಿಸಿ, ಇವಳು ಕೂರುವ ಹೊತ್ತಿಗೆ ಅನ್ನದ ಪಾತ್ರೆಗೆ ನೀರು ಹುಯ್ದುಬಿಡುತ್ತಾರೆ. "ಅಯ್ಯೋ, ನೀನಿನ್ನೂ ಉಂಡಿಲ್ವಾ? ಮರ್ತೇ ಹೋಯ್ತು!" ಎಂದು ಅತ್ತೆ ಅಂದರೆ ಮೈದುನರು ಬಿದ್ದು ಬಿದ್ದು ನಗುತ್ತಾರೆ. ಬಚ್ಚಲಿಗೆ ಹೋದರೆ ಹೊರಗಿನಿಂದ ಚಿಲಕ ಹಾಕುತ್ತಾರೆ. ಒಮ್ಮೆ ಮಧ್ಯಾಹ್ನವೆಲ್ಲ ಅಲ್ಲೇ ನಿಂತಿದ್ದಳಂತೆ. ಗಂಡ ಬಂದು ಚಿಲಕ ತೆಗೆದು, "ಏನು, ಸ್ನಾನ ಇಷ್ಟು ಹೊತ್ತಾ?" ಎಂದು ಕೇಳಿದಾಗ ಮನೆಯೆಲ್ಲ ನಗು. ಯಾರೂ ಬೈದಿಲ್ಲ, ಹೊಡೆದಿಲ್ಲ, ಒಂದು ಗಟ್ಟಿ ಮಾತಾಡಿಲ್ಲ.

"ಹೊಸ ಸೊಸೆ ಅಂದ್ರೆ ಹಾಗೇನೇ" ಎಂದಳು ಅಂಜುಗಂ. "ನಮ್ಮತ್ತೆ ನನಗೆ ಉಪ್ಪಿನ ಬದ್ಲು ಸೋಡ ಕೊಟ್ಟು ಸಾರು ಮಾಡ್ಸಿದ್ಲು. ನೀನೂ ಒಂದು ತಮಾಷೆ ಮಾಡು, ಅವ್ರೂ ನಗ್ತಾರೆ. ಆಟಕ್ಕೆ ಮಾಡಿದ್ದನ್ನೆಲ್ಲ ಮನಸ್ಸಿಗೆ ಹಚ್ಕೋಬಾರ್ದು."

ನಾನು ಏನು ಮಾಡಿದೆ? ನಾನೂ ನಕ್ಕೆ. ಬಚ್ಚಲಿನ ಕಥೆಗೆ ನಕ್ಕೆ. ಹದಿನೆಂಟು ವರ್ಷವಾಯಿತು, ಆ ನಗು ನೆನಪಾದರೆ ಈಗಲೂ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಆಡಿ ಮುಗಿಯಲು ಮೂರು ದಿನ ಇರುವಾಗ ಸೀರೆ ಮಗ್ಗದಿಂದ ಇಳಿಯಿತು. ತಿಲಗ ಸೆರಗು ಮಡಿಸುತ್ತ, "ಅಮ್ಮಾ, ಇನ್ನೊಂದು ಹಾಸು ಏರ್ಸು. ಆವಣೀಲೂ ಇದ್ದು ಮುಗಿಸ್ಕೊಟ್ಟು ಹೋಗ್ತೀನಿ" ಎಂದಳು. ಅವಳು ಮುಖ ಎತ್ತಿರಲಿಲ್ಲ.

"ಆಡಿ ಆದ್ಮೇಲೆ ಒಂದು ದಿನ ಇದ್ರೂ ಬೀದಿ ಸುಮ್ನಿರತ್ತಾ? ಗಂಡ ಬಿಟ್ನಾ ಅಂತ ಕೇಳ್ತಾರೆ."

"ಬೀದೀಗೆ ನೀನು ಯಾವತ್ತು ಹೆದ್ರಿದ್ದೆ?"

"ನನ್ನ ವಿಷಯಕ್ಕೆ ಹೆದ್ರಲಿಲ್ಲ. ನಿನ್ನ ವಿಷಯಕ್ಕೆ ಹೆದರ್ತೀನಿ" ಎಂದಳು ಅಂಜುಗಂ. ಸುಳ್ಳಲ್ಲ. ಆ ಹೆಂಗಸು ತನಗಾಗಿ ಯಾರಿಗೂ ತಲೆ ಬಾಗಿಸಿದವಳಲ್ಲ. ಮಗಳಿಗಾಗಿ ಮಾತ್ರ ಎಲ್ಲರ ಹಾಗೆ ಆಗಿಬಿಟ್ಟಳು. ಆವಣಿಯ ಮೊದಲ ದಿನ ಅಳಿಯನಿಗೆ ಪಂಚೆ, ಬೀಗಿತಿಗೆ ಸೀರೆ, ಎರಡು ಡಬ್ಬ ಮುರುಕು, ಒಂದು ಡಬ್ಬ ಅದಿರಸದ ಕಜ್ಜಾಯ ಜೊತೆ ಮಾಡಿ ಮಗಳನ್ನು ಬಸ್ಸು ಹತ್ತಿಸಿದಳು.

ಆಮೇಲೆ ಪೊನ್ನಿ ಮಗ್ಗದ ಗುಂಡಿಯಲ್ಲೇ ವಾಸ ಮಾಡತೊಡಗಿತು. ತುಳಿಯುವ ಹಲಗೆಗಳ ಪಕ್ಕ, ಅಂಜುಗಂ ಕಾಲಿಗೆ ಒತ್ತಿಕೊಂಡು. ಚಿಟ್ಟುವಿಗೆ ಆ ಹಲಗೆಗಳು ಏರಿಳಿಯುವುದನ್ನು ಕಂಡರೆ ಭಯ, ಅದು ಅಲ್ಲಿಗೆ ಇಳಿಯುತ್ತಿರಲಿಲ್ಲ. ಅಂಜುಗಂ ಮಾತ್ರ ಹೆಮ್ಮೆಯಿಂದ ಹೇಳುತ್ತಿದ್ದಳು. "ಮಗಳು ಹೋದ್ಲು, ಇದು ನೋಡು, ನನ್ನ ಕಾಲು ಬಿಟ್ಟು ಕದಲಲ್ಲ. ಪ್ರೀತಿ ಅಂದ್ರೆ ಇದು." ಗುಂಡಿಯ ಮಣ್ಣಲ್ಲೇ ಅದು ಉಚ್ಚೆ ಮಾಡಿದಾಗಲೂ, ಮುದಿತನ ಎಂದು ಬೂದಿ ಹಾಕಿ ತೆಗೆದಳು. ಚಿಟ್ಟುವಿನ ಮೈ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿತ್ತು. ಮನೆಯಲ್ಲಿ ಒಂದು ದಿನವೂ ಬೆಕ್ಕಿನ ಜಗಳದ ಸದ್ದಿಲ್ಲ.

ಕಾರ್ತಿಗೈ ದೀಪದ ಹಬ್ಬದ ಮಾರನೆಯ ಬೆಳಿಗ್ಗೆ ಅಂಜುಗಂ ಗುಂಡಿಗೆ ಕಾಲಿಟ್ಟಾಗ ಪೊನ್ನಿ ಅಲ್ಲೇ ಸತ್ತುಬಿದ್ದಿತ್ತು. ಅವಳು ಕೂಗಿದ್ದು ಕೇಳಿ ನಾನು ಓಡಿದೆ. ಎತ್ತಿ ನನ್ನ ಕೈಗೆ ಕೊಟ್ಟಳು. ಏನೂ ಭಾರವಿಲ್ಲ. ಕೂದಲು ಸರಿಸಿ ನೋಡಿದರೆ ಬೆನ್ನ ಹಿಂಭಾಗದಲ್ಲಿ, ಬಾಲದ ಬುಡದಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತುಗಳು. ಕೆಲವು ಹಳೆಯವು, ಕೆಲವು ಹೊಸವು. ಮುಖದ ಮೇಲೆ ಒಂದು ಗೀರೂ ಇರಲಿಲ್ಲ.

ಅಂಜುಗಂ ಆ ಗುರುತುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. "ಇದು ಒಂದ್ಸಲಾನೂ ತಿರುಗಿ ನಿಂತಿಲ್ಲ ಕಣೇ" ಎಂದಳು. "ಎಲ್ಲಾ ಬೆನ್ನಿಗೇ ಬಿದ್ದಿದೆ. ಓಡಿದೆ, ಬರೀ ಓಡಿದೆ." ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. "ಅವಳು ಹೇಳಿದ್ಲಲ್ಲೇ. ಅವಳು ಬೆಕ್ಕಿನ ಮಾತಾಡ್ಲಿಲ್ಲ. ಬೆಂಗ್ಳೂರೇ, ಅವಳು ಬೆಕ್ಕಿನ ಮಾತಾಡ್ಲಿಲ್ವೇ!"

ಪೊನ್ನಿಯನ್ನು ಹಿತ್ತಲಲ್ಲಿ ಮಣ್ಣು ಮಾಡಿ, ಒಂಬತ್ತರ ಬಸ್ಸಿಗೆ ಇಬ್ಬರೂ ಹೊರಟೆವು. ಮಗಳನ್ನು ಕರೆದುಕೊಂಡೇ ಬರುವುದು, ಬೀದಿ ಬಾಯಿ ಬಡಿದುಕೊಳ್ಳಲಿ ಎಂದು ದಾರಿಯುದ್ದಕ್ಕೂ ಹೇಳಿದಳು. ತನ್ನ ಹಳೆಯ ಬೈಗುಳಗಳೆಲ್ಲ ಅವಳಿಗೆ ಮರಳಿ ಬಂದಿದ್ದವು.

ಬೀಗರ ಮನೆಯಲ್ಲಿ ನಮ್ಮನ್ನು ಚೆನ್ನಾಗಿಯೇ ಬರಮಾಡಿಕೊಂಡರು. ಎಲೆ ಹಾಕಿದರು. ತಿಲಗ ಬಡಿಸುತ್ತಿದ್ದಳು. ಕೊರಳ ಮೂಳೆ ಎದ್ದು ಕಾಣುತ್ತಿತ್ತು. ದೊಡ್ಡ ಮೈದುನ, "ಅತ್ತಿಗೆ, ಅಮ್ಮ ಬಂದ್ರು ಅಂತ ಇವತ್ತು ಸೀರೆ ನೆಟ್ಟಗೆ ಉಟ್ಟಿದೀರಾ?" ಎಂದ. ನಗು. ಚಿಕ್ಕವನು, ಅವಳು ಬಗ್ಗಿ ನೀರು ಹಾಕುವಾಗ ಲೋಟವನ್ನು ಸರಿಸಿದ, ನೀರು ನೆಲಕ್ಕೆ ಬಿತ್ತು. ಮತ್ತೆ ನಗು. "ಕಣ್ಣು ಮಗ್ಗದಲ್ಲೇ ಬಿಟ್ಟು ಬಂದಿದಾಳೆ ನಮ್ಮ ಸೊಸೆ" ಎಂದಳು ಅತ್ತೆ. ಅಳಿಯನೂ ನಕ್ಕ. ಅಂಜುಗಂ ಒಂದು ತುತ್ತಿನ ಮೇಲೆ ಅನ್ನಕ್ಕೆ ಕೈ ಹಾಕಿರಲಿಲ್ಲ. ಕುಕ್ಕರುಗಾಲಲ್ಲಿ ಕೂತು ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದಳು. ಇಂಥ ನೋಟವನ್ನು ನಾನು ನೂರು ಮನೆಗಳಲ್ಲಿ ಕಂಡಿದ್ದೆ.

ಆಮೇಲೆ ಅವಳು ನಗುತ್ತಲೇ ಬೀಗಿತಿಯ ಕಡೆ ತಿರುಗಿದಳು. "ಏನು ಬೀಗಿತ್ತಿಯವ್ರೇ, ಸಾಂಬಾರಿಗೆ ಉಪ್ಪು ಹಾಕೋದು ಮರ್ತಿದೀರಾ? ನನ್ನ ಮಗಳಿಗೆ ಅನ್ನ ಇಡೋದು ಮರೆಯೋ ಹಾಗೆ?"

ಯಾರೂ ನಗಲಿಲ್ಲ. ಮೈದುನರ ಕೈ ಎಲೆಯ ಮೇಲೇ ನಿಂತಿತು. ಅತ್ತೆಯ ಮುಖ ಕಲ್ಲಾಯಿತು, ಅವಳ ಕಣ್ಣು ಅಂಜುಗಂ ಮೇಲಿರಲಿಲ್ಲ, ತಿಲಗಳ ಮೇಲಿತ್ತು. ಆಟವಾಗಿದ್ದರೆ ಈಗ ಅವರು ಕೆಳಗೆ ಬೀಳುವ ಸರದಿ. ಸರದಿ ಕೊಡುವವರು ಅಲ್ಲಿ ಒಬ್ಬರೂ ಇರಲಿಲ್ಲ. ಅಂಜುಗಂಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

"ತಿಲಗಾ, ಚಪ್ಪಲಿ ಹಾಕ್ಕೋ. ಹೊರಡು" ಎಂದಳು.

ತಿಲಗ ಸಾಂಬಾರಿನ ಪಾತ್ರೆ ಕೆಳಗಿಟ್ಟು ತಾಯಿಯ ಕೈ ಹಿಡಿದು ಹಿತ್ತಲಿಗೆ ಕರೆದೊಯ್ದಳು. ನಾನೂ ಹಿಂದೆ ಹೋದೆ. ಬಾವಿಯ ಹತ್ತಿರ ನಿಂತು ಅವಳು ಮೆಲ್ಲಗೆ ಮಾತಾಡಿದಳು. ಕೋಪವಿರಲಿಲ್ಲ, ಕೋಪ ಇದ್ದಿದ್ದರೆ ಚೆನ್ನಾಗಿತ್ತು.

"ಈಗ ಬಂದ್ರೆ ಓಡಿಬಂದೋಳು ಅಂತಾರಮ್ಮ. ಆಗ ಇಟ್ಕೊಂಡಿದ್ರೆ ಆಡಿಗೆ ಬಂದೋಳು ಅಂತಿದ್ರು. ಆಮೇಲೆ ಏನಾದ್ರೂ ಮಾಡ್ಬೋದಿತ್ತು."

"ಯಾರೇನಾದ್ರೂ ಅನ್ಲಿ ಕಣೇ. ತಪ್ಪಾಯ್ತು ನಂದು. ಬಾ."

"ಮೂರು ತಿಂಗಳಾಗಿದೆ ನನಗೆ" ಎಂದು ತಿಲಗ ಹೊಟ್ಟೆಯ ಮೇಲೆ ಕೈ ಇಟ್ಟಳು. "ಮಗೂನ ಅವರು ಬಿಡಲ್ಲ. ನನಗೆ ಈಗ ಅಭ್ಯಾಸ ಆಗಿದೆ ಅಮ್ಮ. ಅವರು ನಗೋ ಮೊದ್ಲೇ ನಾನೇ ನಕ್ಕುಬಿಡ್ತೀನಿ, ಬೇಗ ಮುಗಿಯತ್ತೆ. ಆದ್ರೆ ನೀನು ಇನ್ನೊಂದ್ಸಲ ಅವರ ಮುಂದೆ ಹಾಗೆ ಮಾತಾಡ್ಬೇಡ. ನೀನು ಸಾಯಂಕಾಲ ಬಸ್ಸು ಹತ್ತಿ ಹೋಗ್ತೀಯ. ಆಮೇಲೆ ಇಲ್ಲಿರೋಳು ನಾನು."

ಅಂಜುಗಂ ಬಾವಿಕಟ್ಟೆಯನ್ನು ಹಿಡಿದು ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡು, ಕನ್ನಡಕ ಸರಿಮಾಡಿಕೊಂಡು ಒಳಗೆ ನಡೆದಳು. ಅವರೆಲ್ಲ ಇನ್ನೂ ಎಲೆಯ ಮುಂದೆಯೇ ಕೂತಿದ್ದರು. ಅಂಜುಗಂ ಬೀಗಿತಿಯ ಎದುರು ಎರಡೂ ಕೈ ಜೋಡಿಸಿದಳು.

"ತಪ್ಪು ತಿಳ್ಕೋಬೇಡಿ ಬೀಗಿತ್ತಿಯವ್ರೇ. ನಾನು ಸುಮ್ನೆ ಆಟಕ್ಕೆ ಅಂದೆ" ಎಂದಳು.

ಮನೆಯೆಲ್ಲ ನಕ್ಕಿತು. ಎಲ್ಲರಿಗಿಂತ ಮೊದಲು ನಕ್ಕವಳು ತಿಲಗ.